ವಿಮಾನದ ಮೈಲ್ಸ್: ಸೇರಿಸುವುದು ಹೇಗೆ, ಹಾಳಾಗುವ ಮೊದಲು ಬಳಸುವುದು ಹೇಗೆ

"ಮಗಳ ಹತ್ತಿರ ಅಮೆರಿಕಕ್ಕೆ ಎರಡು ಸಲ ಹೋಗಿಬಂದೆವು. ಮೈಲ್ಸ್ ಅಂತ ಏನೋ ಬರುತ್ತಂತಲ್ಲ, ನಮಗೂ ಬಂದಿರುತ್ತಾ?"

ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ ಕಡೆಯ ಓದುಗರು ಸುತ್ತಿ ಬಳಸಿ ಕೇಳುವುದು ಇದೇ ಪ್ರಶ್ನೆ. ದುಬೈ, ದೋಹಾದಲ್ಲಿ ಕೆಲಸಕ್ಕಿರುವವರ ಮನೆಯವರೂ ಕೇಳುತ್ತಾರೆ. ವ್ಯಾಪಾರಕ್ಕೆ ದೆಹಲಿ, ಮುಂಬೈ ಅಂತ ಓಡಾಡುವ ತುಮಕೂರಿನವರೂ ಕೇಳುತ್ತಾರೆ. ಉತ್ತರ ಇಷ್ಟೇ: ತಾನಾಗಿ ಬರುವುದಿಲ್ಲ. ಸದಸ್ಯರಾಗಿ, ಆ ನಂಬರು ಕೊಟ್ಟು ಹಾರಿದ್ದರೆ ಮಾತ್ರ ಬಂದಿರುತ್ತದೆ. ನಂಬರು ಕೊಡದೆ ಹಾರಿದ್ದರೂ ಕೆಲವು ತಿಂಗಳ ಅವಕಾಶ ಇರುತ್ತದೆ. ಅದು ಹಂತ 5ರಲ್ಲಿದೆ. ಈಗಷ್ಟೇ ಪ್ರಯಾಣ ಮುಗಿಸಿ ಬಂದವರು ಮೊದಲು ಅಲ್ಲಿಗೇ ಹೋಗಿ, ಆಮೇಲೆ ಮೇಲಿಂದ ಓದಿ.

ಮೊದಲು ಒಂದೆರಡು ಮಾತು ಗೊತ್ತಿರಲಿ

ಪದೇ ಪದೇ ಹಾರುವ ಗಿರಾಕಿ ಬೇರೆ ಕಡೆ ಹೋಗಬಾರದು ಅಂತ ಏರ್‌ಲೈನ್‌ಗಳು ಮಾಡಿಕೊಂಡ ವ್ಯವಸ್ಥೆಯೇ ಫ್ರೀಕ್ವೆಂಟ್ ಫ್ಲೈಯರ್ ಪ್ರೋಗ್ರಾಂ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಶುರು ಮಾಡಿದ್ದು ಇವತ್ತಿಗೂ ನಡೆಯುತ್ತಿದೆ. ಆಗಿನ ಲೆಕ್ಕ ಸರಳ. ಎಷ್ಟು ಮೈಲಿ ಹಾರಿದಿರೋ ಅಷ್ಟು ಮೈಲ್ಸ್ ನಿಮ್ಮ ಖಾತೆಗೆ. ಒಂದು ಮೈಲಿ ಅಂದರೆ ಸುಮಾರು 1.6 ಕಿಲೋಮೀಟರ್. ಈಗ ಆ ಹೆಸರು ಉಳಿದಿದೆ, ಲೆಕ್ಕ ಬದಲಾಗಿದೆ.

ನಮ್ಮ ಕಡೆಯವರಿಗೆ ಇದನ್ನು ಹಾಲಿನ ಡೈರಿ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ. ಕ್ಯಾನಿನಲ್ಲಿ ಎಷ್ಟೇ ಲೀಟರ್ ಇರಲಿ, ಡೈರಿಯವರು ಫ್ಯಾಟ್ ನೋಡಿ ರೇಟ್ ಹಾಕುತ್ತಾರೆ ಅಲ್ವಾ? ಏರ್‌ಲೈನ್‌ನವರೂ ಹಾಗೆಯೇ. ದೂರ ಅಂದರೆ ಲೀಟರು. ನೀವು ಟಿಕೆಟ್‌ಗೆ ಕೊಟ್ಟ ದುಡ್ಡು ಅಂದರೆ ಫ್ಯಾಟು. ಏರ್ ಇಂಡಿಯಾ 2024ರಿಂದ ದುಡ್ಡಿನ ಲೆಕ್ಕದಲ್ಲೇ ಪಾಯಿಂಟ್ ಕೊಡುತ್ತಿದೆ. ಇಂಡಿಗೋ ಅದೇ ವರ್ಷ ತಂದ ಬ್ಲೂಚಿಪ್ ಕೂಡ ದುಡ್ಡಿನ ಲೆಕ್ಕದ್ದೇ. ದೂರ ನೋಡಿ ಕೊಡುವ ಕಡೆಯೂ ಟಿಕೆಟ್ ದರದ ದರ್ಜೆ ನೋಡುತ್ತಾರೆ. ತೀರಾ ಅಗ್ಗದ ಟಿಕೆಟ್‌ಗೆ ಹಾರಿದ ದೂರದ ಅರ್ಧವೋ ಕಾಲೋ ಸಿಗುತ್ತದೆ. ಕೆಲವಕ್ಕೆ ಏನೂ ಇಲ್ಲ. ಹಾಗಾಗಿ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತ ಇಬ್ಬರಿಗೆ ಬೇರೆ ಬೇರೆ ಮೈಲ್ಸ್ ಬಂದರೆ ಜಗಳಕ್ಕೆ ಹೋಗಬೇಡಿ. ಇನ್ನೊಂದು ವಿಷಯ: ಪಾಯಿಂಟ್ ಸಿಗುವುದು ಸಾಮಾನ್ಯವಾಗಿ ಮೂಲ ದರಕ್ಕೆ ಮತ್ತು ಏರ್‌ಲೈನ್ ತನಗೆಂದು ಹಾಕಿಕೊಳ್ಳುವ ಶುಲ್ಕಕ್ಕೆ. ಸರ್ಕಾರದ, ಏರ್‌ಪೋರ್ಟ್‌ನ ಟ್ಯಾಕ್ಸ್‌ಗೆ ಸಿಗುವುದಿಲ್ಲ.

ಮೈಲ್ಸ್, ಪಾಯಿಂಟ್ಸ್, ಏವಿಯೋಸ್, ಬ್ಲೂಚಿಪ್ ಎಲ್ಲವೂ ಒಂದೇ ಬಗೆಯ ಸರಕು. ಕಂಪನಿಗೊಂದು ಹೆಸರು ಅಷ್ಟೇ. ಆದರೆ ಖಾತೆಯೊಳಗೆ ಎರಡು ಖಾನೆ ಇರುತ್ತದೆ, ಅದನ್ನು ಗಲಿಬಿಲಿ ಮಾಡಿಕೊಳ್ಳಬೇಡಿ. ಒಂದು, ಖರ್ಚು ಮಾಡಬಹುದಾದ ಪಾಯಿಂಟ್. ಇನ್ನೊಂದು, ದರ್ಜೆಯ ಪಾಯಿಂಟ್. ಎರಡನೆಯದು ನಿಮ್ಮನ್ನು ಸಿಲ್ವರ್, ಗೋಲ್ಡ್ ಅಂತ ಮೇಲೇರಿಸುತ್ತದೆ. ಮೇಲೇರಿದರೆ ಜಾಸ್ತಿ ಲಗೇಜು, ಲೌಂಜು, ಬೇಗ ಚೆಕ್-ಇನ್ ಇಂಥವು ಸಿಗುತ್ತವೆ. ವರ್ಷಕ್ಕೆ ಒಂದೆರಡು ಸಲ ಹಾರುವವರು ಈ ಎರಡನೇ ಖಾನೆಯನ್ನು ಮರೆತುಬಿಡಿ. ಅದರ ಹಿಂದೆ ಓಡಿ ಸುಮ್ನೆ ಜಾಸ್ತಿ ದುಡ್ಡು ಕೊಟ್ಟವರೇ ಹೆಚ್ಚು.

ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಪಾಸ್‌ಪೋರ್ಟ್, ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರು, ಕಳೆದ ಆರು ತಿಂಗಳಲ್ಲಿ ಹಾರಿದ್ದರೆ ಆ ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್.

ಹಂತ 1: ಯಾವ ಖಾತೆ ತೆರೆಯಬೇಕು?

ಸಿಕ್ಕಸಿಕ್ಕ ಏರ್‌ಲೈನ್‌ನಲ್ಲೆಲ್ಲ ಖಾತೆ ತೆರೆಯುವುದು ಮೊದಲ ತಪ್ಪು. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಐದು ಖಾತೆಯಲ್ಲಿ ಎರಡೆರಡು ಸಾವಿರ ಪಾಯಿಂಟ್ ಇದ್ದರೆ ಯಾವುದರಲ್ಲೂ ಟಿಕೆಟ್ ಬರುವುದಿಲ್ಲ.

ಮುಂದಿನ ಎರಡು ವರ್ಷ ನೀವು ನಿಜವಾಗಿ ಎಲ್ಲಿಗೆ ಹಾರುತ್ತೀರಿ, ಅದನ್ನು ನೋಡಿ. ನಮಗೆಲ್ಲ ಏರ್‌ಪೋರ್ಟ್ ಅಂದರೆ ದೇವನಹಳ್ಳಿಯೇ. ಅಲ್ಲಿಂದ ಯಾವ ಕಂಪನಿ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಲೆಕ್ಕ ಹಾಕಬೇಕು.

ಇಲ್ಲಿ ಅಲಯನ್ಸ್ ಅನ್ನುವ ಮಾತು ಬರುತ್ತದೆ. ಅಲಯನ್ಸ್ ಅಂದರೆ ಏರ್‌ಲೈನ್‌ಗಳ ಕೂಟ. ಒಂದು ಕೂಟದೊಳಗೆ ಯಾರ ವಿಮಾನ ಹತ್ತಿದರೂ ಮೈಲ್ಸನ್ನು ಒಂದೇ ಖಾತೆಗೆ ಹಾಕಿಸಿಕೊಳ್ಳಬಹುದು. ದೊಡ್ಡ ಕೂಟಗಳು ಮೂರು. 1997ರ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾ ಕೂಡ ಅಲ್ಲೇ ಇವೆ. ಕತಾರ್ ಏರ್‌ವೇಸ್, ಬ್ರಿಟಿಷ್ ಏರ್‌ವೇಸ್ ಒನ್‌ವರ್ಲ್ಡ್‌ನವು. ಏರ್ ಫ್ರಾನ್ಸ್, ಕೆಎಲ್‌ಎಂ ಸ್ಕೈಟೀಮ್‌ನವು. ಎಮಿರೇಟ್ಸ್, ಎತಿಹಾದ್, ಇಂಡಿಗೋ ಈ ಮೂರು ಕೂಟಕ್ಕೂ ಸೇರಿಲ್ಲ. ಅವರವರ ಖಾತೆ ಅವರವರಿಗೆ, ಜೊತೆಗೆ ಒಂದಿಷ್ಟು ಬಿಡಿ ಒಪ್ಪಂದಗಳು.

ನನ್ನ ಸಲಹೆ ಹೀಗಿದೆ. ಅಪ್ಪ ಅಮ್ಮ ಎರಡು ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗುವುದಾದರೆ, ಪ್ರತಿ ಸಲ ಅಗ್ಗದ ಟಿಕೆಟ್ ಯಾವ ಕೂಟದಲ್ಲಿ ಸಿಗುತ್ತಿದೆ ನೋಡಿ, ಆ ಕೂಟದ ಒಂದೇ ಖಾತೆ ಹಿಡಿದುಕೊಳ್ಳಿ. ಹೋಗುವಾಗ ಲುಫ್ತಾನ್ಸಾ, ಬರುವಾಗ ಏರ್ ಇಂಡಿಯಾ ಆದರೂ ಎರಡೂ ಒಂದೇ ಕಡೆ ಬೀಳುತ್ತವೆ. ದುಬೈಗೆ ಓಡಾಡುವವರು ಎಮಿರೇಟ್ಸ್‌ನಲ್ಲೇ ಹೆಚ್ಚು ಹಾರುವುದಾದರೆ ಅದರ ಸ್ಕೈವಾರ್ಡ್ಸ್. ದೋಹಾದವರಿಗೆ ಕತಾರ್ ಏರ್‌ವೇಸ್‌ನ ಪ್ರಿವಿಲೇಜ್ ಕ್ಲಬ್ ಆಗುತ್ತದೆ. ಅದರ ಏವಿಯೋಸನ್ನು ಬ್ರಿಟಿಷ್ ಏರ್‌ವೇಸ್ ಖಾತೆಗೂ ಸಾಗಿಸಬಹುದು, ಇದು ಅನೇಕರಿಗೆ ಗೊತ್ತಿಲ್ಲದ ಅನುಕೂಲ. ದೇಶದೊಳಗೆ ಮಾತ್ರ ಓಡಾಡುವವರಿಗೆ ಏರ್ ಇಂಡಿಯಾದ ಮಹಾರಾಜ ಕ್ಲಬ್ ಇಲ್ಲವೇ ಇಂಡಿಗೋ ಬ್ಲೂಚಿಪ್, ಎರಡರಲ್ಲಿ ಒಂದು ಮುಖ್ಯ ಖಾತೆ ಸಾಕು. ಹಳೆಯ ಫ್ಲೈಯಿಂಗ್ ರಿಟರ್ನ್ಸ್ ಖಾತೆ ಇದ್ದವರಿಗೆ ಒಂದು ಮಾತು: ಮಹಾರಾಜ ಕ್ಲಬ್ ಅದರದೇ ಹೊಸ ಹೆಸರು. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾ ಜೊತೆ ಸೇರಿದ್ದರಿಂದ ಕ್ಲಬ್ ವಿಸ್ತಾರಾದವರೂ ಇಲ್ಲಿಗೇ ಬಂದಿದ್ದಾರೆ.

ಒಂದು ಪ್ರಯಾಣದ ಮೈಲ್ಸ್ ಒಂದೇ ಖಾತೆಗೆ. ಎರಡು ಕಡೆ ಹಾಕಿಸಿಕೊಳ್ಳಲು ಬರುವುದಿಲ್ಲ.

ಹಂತ 2: ಹೆಸರು. ಇಲ್ಲೇ ಎಲ್ಲರೂ ಎಡವುವುದು

ಇದನ್ನು ನಿಧಾನವಾಗಿ ಓದಿ. ನಮ್ಮ ಜಿಲ್ಲೆಗಳವರ ಮೈಲ್ಸ್ ಕಳೆದುಹೋಗುವುದಕ್ಕೆ ನಾನು ಕಂಡಂತೆ ದೊಡ್ಡ ಕಾರಣ ನಮ್ಮ ಇನಿಷಿಯಲ್ಲು.

ನಾರಾಯಣಸ್ವಾಮಿ ಅನ್ನುವವರೊಬ್ಬರನ್ನು ಊಹಿಸಿಕೊಳ್ಳಿ. ಆಧಾರ್‌ನಲ್ಲಿ "ನಾರಾಯಣಸ್ವಾಮಿ ಎಂ". ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದರು. ಸರ್‌ನೇಮ್ ಜಾಗದಲ್ಲಿ "ಮುನಿಶಾಮಪ್ಪ", ಗಿವನ್ ನೇಮ್ ಜಾಗದಲ್ಲಿ "ನಾರಾಯಣಸ್ವಾಮಿ". ಟ್ರಾವೆಲ್ ಏಜೆಂಟ್ ಟಿಕೆಟ್‌ನಲ್ಲಿ ಎರಡನ್ನೂ ತಿರುಗಾಮುರುಗಾ ಹಾಕಿದ. ಮೈಲ್ಸ್ ಖಾತೆಯನ್ನು ಮೊಮ್ಮಗ ಫೋನಿನಲ್ಲಿ "ಎಂ ನಾರಾಯಣ ಸ್ವಾಮಿ" ಅಂತ ನಡುವೆ ಜಾಗ ಬಿಟ್ಟು ತೆರೆದ. ಮನುಷ್ಯ ಒಬ್ಬನೇ, ಕಂಪ್ಯೂಟರ್‌ಗೆ ಮಾತ್ರ ಮೂವರು. ಟಿಕೆಟ್‌ನ ಹೆಸರೂ ಖಾತೆಯ ಹೆಸರೂ ಕೂಡದಿದ್ದರೆ ಮೈಲ್ಸ್ ಬೀಳುವುದಿಲ್ಲ.

ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇದ್ದರೆ ಇನ್ನೂ ಗೋಜಲು. ಒಂದು ಕಂಪನಿ ಹೆಸರನ್ನೇ ಎರಡು ಸಲ ಬರೆಯಿರಿ ಅನ್ನುತ್ತದೆ. ಇನ್ನೊಂದು "ಎಫ್‌ಎನ್‌ಯು" ಅಂತ ಹಾಕಿಸುತ್ತದೆ. ಹಾಗಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆ ಕಂಪನಿ ಟಿಕೆಟ್‌ಗೆ ಹೇಗೆ ಬರೆಸುತ್ತದೋ ಖಾತೆಯಲ್ಲೂ ಹಾಗೇ ಇರುವಂತೆ ಮೊದಲೇ ಅವರ ಸಹಾಯವಾಣಿಯನ್ನು ಕೇಳಿ ಸರಿಮಾಡಿಸಿಕೊಳ್ಳಿ.

ನನ್ನದೇ ಒಂದು ಪ್ರಯಾಣದ ಪಾಯಿಂಟ್ ಹೀಗೆ ಸಿಕ್ಕಿಕೊಂಡಿತ್ತು. ಹೆಸರಿನಲ್ಲಿ ಒಂದು "ಎಚ್" ಜಾಸ್ತಿ. ಅದನ್ನು ತೆಗೆಸಲು ಮೂರು ಇಮೇಲ್, ಒಂದು ಪಾಸ್‌ಪೋರ್ಟ್ ನಕಲು, ಒಂದು ತಿಂಗಳು.

ಖಾತೆ ತೆರೆಯುವಾಗ ಇನ್ನೆರಡು ಎಚ್ಚರಿಕೆ. ಗಂಡ ಹೆಂಡತಿ ಇಬ್ಬರೂ ಹಾರುವುದಾದರೆ ಇಬ್ಬರಿಗೂ ಬೇರೆ ಖಾತೆ, ಬೇರೆ ಇಮೇಲ್ ಬೇಕು. ಒಂದು ಇಮೇಲ್‌ಗೆ ಎರಡು ಖಾತೆಯನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಮತ್ತೆ, ಏಜೆಂಟ್ ತನ್ನ ಇಮೇಲ್ ಹಾಕಿ "ನಾನೇ ಮಾಡಿಕೊಡ್ತೀನಿ ಬಿಡಿ" ಅಂದರೆ ಬೇಡ ಅನ್ನಿ. ಓಟಿಪಿ, ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲ ಅವನಿಗೇ ಹೋಗುತ್ತದೆ. ಖಾತೆಗೆ ಹೆಸರು ನಿಮ್ಮದು, ಬೀಗದ ಕೈ ಅವನದು.

ಹಂತ 3: ಟಿಕೆಟ್ ತೆಗೆಯುವಾಗಲೇ ನಂಬರು ಹಾಕಿಸಿ

ಖಾತೆ ತೆರೆದ ಕೂಡಲೇ ಒಂದು ಸದಸ್ಯತ್ವದ ನಂಬರು ಬರುತ್ತದೆ. ಕಾರ್ಡ್ ಮನೆಗೆ ಬರಲಿ ಅಂತ ಕಾಯಬೇಡಿ, ನಂಬರೇ ಸಾಕು. ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಪ್ರಯಾಣಿಕರ ವಿವರದ ಪುಟದಲ್ಲಿ ಫ್ರೀಕ್ವೆಂಟ್ ಫ್ಲೈಯರ್ ನಂಬರ್ ಅಂತ ಒಂದು ಸಣ್ಣ ಜಾಗ ಇರುತ್ತದೆ. ಕೆಲವು ಆಪ್‌ಗಳಲ್ಲಿ ಅದನ್ನು ಒತ್ತಿ ತೆರೆಯಬೇಕು, ಕಣ್ಣಿಗೆ ಬೀಳುವುದೇ ಇಲ್ಲ. ಏಜೆಂಟ್ ಹತ್ತಿರ ಟಿಕೆಟ್ ತೆಗೆದರೆ ನಂಬರನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ ಹತ್ತಂಕಿ ನಂಬರು ಸರಿಯಾಗಿ ದಾಖಲಾಗುವುದು ಅಪರೂಪ.

ಟಿಕೆಟ್ ಕೈಗೆ ಬಂದಮೇಲೆ ಮೂರು ವಿಷಯ ನೋಡಿ.

ಒಂದು, ಬುಕಿಂಗ್ ಕ್ಲಾಸ್. ಟಿಕೆಟ್‌ನಲ್ಲಿ ಎಕಾನಮಿ ಅನ್ನುವ ಮಾತಿನ ಪಕ್ಕ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅದೇ ದರದ ದರ್ಜೆ, ನಮ್ಮ ಡೈರಿಯ ಫ್ಯಾಟ್ ಮೀಟರು. ಆ ಅಕ್ಷರಕ್ಕೆ ಎಷ್ಟು ಮೈಲ್ಸ್ ಅನ್ನುವ ಪಟ್ಟಿ ನಿಮ್ಮ ಪ್ರೋಗ್ರಾಂನ ಸೈಟ್‌ನಲ್ಲಿರುತ್ತದೆ. ಎಮಿರೇಟ್ಸ್ ತನ್ನ ಟಿಕೆಟ್ ದರಗಳಿಗೆ ಸ್ಪೆಷಲ್, ಸೇವರ್, ಫ್ಲೆಕ್ಸ್, ಫ್ಲೆಕ್ಸ್ ಪ್ಲಸ್ ಅಂತ ಹೆಸರಿಟ್ಟಿದೆ. ಮೇಲಕ್ಕೆ ಹೋದಷ್ಟೂ ಮೈಲ್ಸ್ ಜಾಸ್ತಿ. ಆದರೆ ಮೈಲ್ಸ್ ಆಸೆಗೆ ದುಬಾರಿ ಟಿಕೆಟ್ ತೆಗೆಯಬೇಡಿ. ಲಗೇಜಿಗೋ ತಾರೀಖು ಬದಲಿಸುವುದಕ್ಕೋ ಬೇಕಾಗಿದ್ದರೆ ಸರಿ.

ಎರಡು, ಕೋಡ್‌ಶೇರ್. ಟಿಕೆಟ್ ಒಬ್ಬರ ಹೆಸರಲ್ಲಿ, ವಿಮಾನ ಇನ್ನೊಬ್ಬರದು. ಟಿಕೆಟ್‌ನಲ್ಲಿ "ಆಪರೇಟೆಡ್ ಬೈ" ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮೈಲ್ಸ್ ಲೆಕ್ಕ ಆಗ ಬದಲಾಗಬಹುದು.

ಮೂರು, ಗ್ರೂಪ್ ಟಿಕೆಟ್. ಉಮ್ರಾ ಪ್ಯಾಕೇಜು, ಕಾಶಿ ಪ್ಯಾಕೇಜು, ಟೂರ್ ಕಂಪನಿಯ ಬ್ಯಾಂಕಾಕ್ ಪ್ಯಾಕೇಜು, ಇವುಗಳ ಗುಂಪು ದರಕ್ಕೆ ಸಾಮಾನ್ಯವಾಗಿ ಮೈಲ್ಸ್ ಇರುವುದಿಲ್ಲ. ದುಡ್ಡು ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ. ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಕಂಪನಿ ದುಡ್ಡಿನಲ್ಲಿ ಹಾರಿದರೂ ಮೈಲ್ಸ್ ಹಾರಿದವರ ಖಾತೆಗೇ. ಮಗ ದುಡ್ಡು ಕೊಟ್ಟು ಅಮ್ಮನನ್ನು ಕಳಿಸಿದರೆ ಮೈಲ್ಸ್ ಅಮ್ಮನದು, ಮಗನದಲ್ಲ. ಎರಡು ವರ್ಷದೊಳಗಿನ ಮಡಿಲ ಕೂಸಿಗೆ ಇಲ್ಲ. ದೊಡ್ಡ ಮಕ್ಕಳಿಗೆ ಹಲವು ಕಡೆ ಅವರದೇ ಖಾತೆ ತೆರೆಯಬಹುದು. ಕೆಲವು ಪ್ರೋಗ್ರಾಂಗಳಲ್ಲಿ ಮನೆಯವರೆಲ್ಲರ ಪಾಯಿಂಟನ್ನು ಒಂದೇ ಗಡಿಗೆಗೆ ಸುರಿಯುವ ಸೌಲಭ್ಯ ಇದೆ, ಅದನ್ನು ಫ್ಯಾಮಿಲಿ ಪೂಲ್ ಅನ್ನುತ್ತಾರೆ. ಎಮಿರೇಟ್ಸ್‌ನಲ್ಲಿ ಎಂಟು ಜನರವರೆಗೆ ಸೇರಬಹುದು. ವಯಸ್ಸಾದ ಅಪ್ಪ ಅಮ್ಮ ಇದ್ದರೆ ಇದನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಖಾತೆದಾರರು ತೀರಿಕೊಂಡ ಮೇಲೆ ಆ ಪಾಯಿಂಟ್ ಪಡೆಯುವುದು ಬಹಳ ಕಡೆ ಆಗುವುದೇ ಇಲ್ಲ.

ಹಂತ 4: ಏರ್‌ಪೋರ್ಟ್‌ನಲ್ಲಿ ಅರ್ಧ ನಿಮಿಷ

ಬೋರ್ಡಿಂಗ್ ಪಾಸ್ ಕೈಗೆ ಬಂದ ತಕ್ಷಣ ಅದರ ಮೇಲೆ ನಿಮ್ಮ ಸದಸ್ಯತ್ವದ ನಂಬರು ಇದೆಯಾ ನೋಡಿ. ಹೆಸರಿನ ಕೆಳಗೋ ಮೂಲೆಯಲ್ಲೋ ಏರ್‌ಲೈನ್‌ನ ಎರಡಕ್ಷರದ ಜೊತೆ ಇರುತ್ತದೆ. ಕೆಲವದರಲ್ಲಿ "ಎಫ್‌ಕ್ಯೂಟಿವಿ" ಅಂತ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಕೌಂಟರ್‌ನಲ್ಲೇ ಹೇಳಿ ಹಾಕಿಸಿ. ಹೊಸ ಪಾಸ್ ಅಚ್ಚು ಹಾಕಿ ಕೊಡುತ್ತಾರೆ.

ದೇವನಹಳ್ಳಿಯಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿವೆ. ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬರುವವರು ಕ್ಯಾಬಿನವರಿಗೆ ಟರ್ಮಿನಲ್ ಮೊದಲೇ ಹೇಳಿಬಿಡಿ. ಕೊನೇ ಗಳಿಗೆಯ ಓಟದಲ್ಲಿ ನಂಬರು ಹಾಕಿಸುವುದು ಯಾರಿಗೂ ನೆನಪಿರುವುದಿಲ್ಲ.

ಹಂತ 5: ಬಂತಾ ನೋಡಿ, ಬರದಿದ್ದರೆ ಕೇಳಿ

ಅದೇ ಕಂಪನಿಯ ವಿಮಾನವಾದರೆ ಕೆಲವೇ ದಿನಗಳಲ್ಲಿ ಬೀಳುತ್ತದೆ. ಕೂಟದ ಬೇರೆ ಕಂಪನಿಯದಾದರೆ ಇನ್ನೂ ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಬರದಿದ್ದರೆ ಖಾತೆಯೊಳಗೆ "ಮಿಸ್ಸಿಂಗ್ ಮೈಲ್ಸ್" ಇಲ್ಲವೇ "ರೆಟ್ರೋ ಕ್ಲೇಮ್" ಅನ್ನುವ ಫಾರಂ ಇರುತ್ತದೆ. ರೆಟ್ರೋ ಕ್ಲೇಮ್ ಅಂದರೆ ಮುಗಿದುಹೋದ ಪ್ರಯಾಣಕ್ಕೆ ಆಮೇಲೆ ಕೇಳುವುದು. ಬೇಕಾಗುವುದು ಇಷ್ಟು:

- ಪಿಎನ್‌ಆರ್, ಅಂದರೆ ಆರು ಅಕ್ಷರ-ಅಂಕಿಯ ಬುಕಿಂಗ್ ಗುರುತು
- 13 ಅಂಕಿಯ ಇ-ಟಿಕೆಟ್ ನಂಬರು
- ವಿಮಾನದ ನಂಬರು, ತಾರೀಖು, ಸೀಟು
- ಬೋರ್ಡಿಂಗ್ ಪಾಸಿನ ಫೋಟೊ

ಇ-ಟಿಕೆಟ್ ನಂಬರನ್ನು ಪಿಎನ್‌ಆರ್ ಜೊತೆ ಗಲಿಬಿಲಿ ಮಾಡಿಕೊಂಡು ಕ್ಲೇಮ್ ವಾಪಸ್ ಬರುವುದು ಜಾಸ್ತಿ. ಮೊದಲ ಮೂರಂಕಿ ನೋಡಿ ಗುರುತಿಸಿ. 098 ಇದ್ದರೆ ಏರ್ ಇಂಡಿಯಾ ಟಿಕೆಟ್, 176 ಎಮಿರೇಟ್ಸ್, 618 ಸಿಂಗಾಪುರ್ ಏರ್‌ಲೈನ್ಸ್, 157 ಕತಾರ್.

ತಾರೀಖಿನಲ್ಲೂ ಒಂದು ಗುಂಡಿ ಇದೆ. ಪರದೇಶದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ನೀವು ಚಿಕ್ಕಬಳ್ಳಾಪುರ ಬಿಟ್ಟದ್ದು 15ರ ರಾತ್ರಿ ಊಟ ಮಾಡಿಕೊಂಡು. ವಿಮಾನ ಹೊರಟದ್ದು 16ರ ಬೆಳಗಿನ ಜಾವ. ಫಾರಂನಲ್ಲಿ 16 ಅಂತಲೇ ಬರೆಯಬೇಕು.

ಈ ಕ್ಲೇಮ್‌ಗೆ ಗಡುವು ಇದೆ. ಬಹಳಷ್ಟು ಕಡೆ ಹಾರಿದ ದಿನದಿಂದ ಆರು ತಿಂಗಳು. ಸದಸ್ಯರಾಗುವ ಮೊದಲೇ ಮುಗಿದ ಪ್ರಯಾಣಕ್ಕೆ ಕೆಲವರು ಕೊಡುತ್ತಾರೆ, ಗಡುವು ಮಾತ್ರ ಇನ್ನೂ ಚಿಕ್ಕದು, ಕೆಲವರು ಕೊಡುವುದೇ ಇಲ್ಲ. ನಿಮ್ಮ ಪ್ರೋಗ್ರಾಂನ ನಿಯಮದ ಪುಟದಲ್ಲಿ ಅದೊಂದು ಸಾಲು ಹುಡುಕಿ ಓದಿ.

ಹಂತ 6: ಕ್ರೆಡಿಟ್ ಕಾರ್ಡ್ ದಾರಿ

ಇಲ್ಲಿ ಎರಡು ಬಗೆ. ಒಂದು, ಏರ್‌ಲೈನ್ ಮತ್ತು ಬ್ಯಾಂಕ್ ಸೇರಿ ಕೊಡುವ ಕಾರ್ಡ್. ಇದನ್ನು ಕೋ-ಬ್ರಾಂಡೆಡ್ ಅನ್ನುತ್ತಾರೆ, ಖರ್ಚು ಮಾಡಿದಂತೆ ನೇರವಾಗಿ ಮೈಲ್ಸ್ ಬರುತ್ತದೆ. ಇನ್ನೊಂದು, ಬ್ಯಾಂಕಿನ ಸಾಮಾನ್ಯ ಕಾರ್ಡ್. ಅದರ ರಿವಾರ್ಡ್ ಪಾಯಿಂಟನ್ನು ಬೇಕಾದಾಗ ಮೈಲ್ಸಿಗೆ ಬದಲಿಸಿಕೊಳ್ಳಬಹುದು. ಬದಲಿಸುವ ದರ ಕಾರ್ಡಿನಿಂದ ಕಾರ್ಡಿಗೆ ಬೇರೆ. ಎರಡು ಪಾಯಿಂಟಿಗೆ ಒಂದು ಮೈಲ್ ಇರಬಹುದು, ಒಂದಕ್ಕೆ ಒಂದೂ ಇರಬಹುದು.

ನನಗೆ ಎರಡನೆಯದೇ ಇಷ್ಟ. ಪಾಯಿಂಟ್ ಬ್ಯಾಂಕಿನಲ್ಲಿ ಇರುವವರೆಗೆ ಯಾವ ಏರ್‌ಲೈನ್‌ಗೆ ಹಾಕಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಒಂದು ಸಲ ಸಾಗಿಸಿದರೆ ವಾಪಸ್ ತರಲು ಬರುವುದಿಲ್ಲ. ಹಾಗಾಗಿ ಸೀಟು ಕಣ್ಣಿಗೆ ಕಂಡ ಮೇಲೆ ಸಾಗಿಸಿ, ಮೊದಲೇ ಅಲ್ಲ. ಕೆಲವು ಕಡೆ ಸಾಗಿಸಲು ಎರಡು ಮೂರು ದಿನ ಹಿಡಿಯುತ್ತದೆ, ಅದಕ್ಕೂ ಸಿದ್ಧರಾಗಿರಿ.

ತಿಂಗಳ ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದವರು ಈ ಹಂತವನ್ನು ಬಿಟ್ಟುಬಿಡಿ. ಬಾಕಿ ಮೇಲೆ ತಿಂಗಳಿಗೆ ಶೇಕಡ 3ಕ್ಕಿಂತ ಜಾಸ್ತಿ ಬಡ್ಡಿ ಹಾಕುವ ಕಾರ್ಡ್‌ಗಳೇ ಹೆಚ್ಚು. ಅದರ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ. ಸಿಕ್ಕ ಮೈಲ್ಸ್ ಬಡ್ಡಿಯ ಒಂದು ಮೂಲೆಗೂ ಸಾಲುವುದಿಲ್ಲ. ವರ್ಷದ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 7: ಒಂದು ಪಾಯಿಂಟ್ ಎಷ್ಟು ಪೈಸೆ?

ಬಳಸುವ ಮೊದಲು ಈ ಲೆಕ್ಕ ಮಾಡಲೇಬೇಕು. ಅದೇ ದಿನದ ಟಿಕೆಟ್‌ಗೆ ದುಡ್ಡು ಕೊಟ್ಟರೆ ಎಷ್ಟಾಗುತ್ತದೆ ನೋಡಿ. ಅದರಿಂದ, ಪಾಯಿಂಟ್ ಟಿಕೆಟ್‌ಗೆ ಕೈಯಿಂದ ಕಟ್ಟಬೇಕಾದ ಟ್ಯಾಕ್ಸ್ ಕಳೆಯಿರಿ. ಉಳಿದದ್ದನ್ನು ಬೇಕಾಗುವ ಪಾಯಿಂಟ್‌ನಿಂದ ಭಾಗಿಸಿ.

ಲೆಕ್ಕಕ್ಕೆಂದೇ ಹಾಕಿದ ಅಂಕಿಗಳು ಇವು, ನಿಜವಾದ ದರ ಅಲ್ಲ. ದೆಹಲಿ ಟಿಕೆಟ್ 7,200 ರೂಪಾಯಿ. ಪಾಯಿಂಟ್‌ನಲ್ಲಾದರೆ 9,000 ಪಾಯಿಂಟ್ ಮತ್ತು 1,200 ರೂಪಾಯಿ ಟ್ಯಾಕ್ಸ್. ಉಳಿದದ್ದು 6,000 ರೂಪಾಯಿ. 9,000ದಿಂದ ಭಾಗಿಸಿದರೆ ಪಾಯಿಂಟಿಗೆ ಸುಮಾರು 67 ಪೈಸೆ ಬಿತ್ತು. ಅದೇ 9,000 ಪಾಯಿಂಟಿಗೆ 2,000 ರೂಪಾಯಿಯ ಗಿಫ್ಟ್ ವೋಚರ್ ಕೊಡುತ್ತೇವೆ ಅಂದರೆ? 22 ಪೈಸೆ. ಮೂರರಲ್ಲಿ ಒಂದು ಪಾಲು.

ಮಿಕ್ಸಿ, ಸೂಟ್‌ಕೇಸು, ಶಾಪಿಂಗ್ ವೋಚರ್ ಇವುಗಳಿಗೆ ಪಾಯಿಂಟ್ ಹಾಕಬೇಡಿ ಅನ್ನುವುದು ಈ ಕಾರಣಕ್ಕೇ. ಟಿಕೆಟ್‌ನಲ್ಲಿ ಬೆಲೆ ಚೆನ್ನಾಗಿ ಬರುತ್ತದೆ. ಉದ್ದ ಪ್ರಯಾಣದಲ್ಲಿ ಎಕಾನಮಿಯಿಂದ ಬಿಸಿನೆಸ್ ಕ್ಲಾಸ್‌ಗೆ ಏರಿಸಿಕೊಂಡರೆ ಇನ್ನೂ ಚೆನ್ನಾಗಿ ಬರಬಹುದು. ಮಂಡಿ ನೋವಿನ ಅಮ್ಮನಿಗೆ ಕಾಲು ಚಾಚಿ ಮಲಗುವ ಸೀಟು ಸಿಗುವುದಾದರೆ ಪೈಸೆ ಲೆಕ್ಕವನ್ನೂ ಪಕ್ಕಕ್ಕಿಡಬಹುದು. ಒಂದು ಕಿವಿಮಾತು: ಅಗ್ಗದ ದರದ ಟಿಕೆಟನ್ನು ಮೇಲೇರಿಸಲು ಕೆಲವು ಕಂಪನಿಗಳು ಬಿಡುವುದಿಲ್ಲ. ಮತ್ತೆ ಅದೇ ಬುಕಿಂಗ್ ಕ್ಲಾಸಿನ ಅಕ್ಷರ ನೋಡಬೇಕು.

ಪಾಯಿಂಟ್ ಟಿಕೆಟ್ ಪೂರ್ತಿ ಬಿಟ್ಟಿ ಅಲ್ಲ. ಯುಡಿಎಫ್ ಅಂತ ಏರ್‌ಪೋರ್ಟ್ ಬಳಸುವ ಶುಲ್ಕ, ಭದ್ರತೆಯ ಶುಲ್ಕ, ಸರ್ಕಾರದ ತೆರಿಗೆ ಇವನ್ನು ದುಡ್ಡಿನಲ್ಲೇ ಕಟ್ಟಬೇಕು. ಕೆಲವು ಕಂಪನಿಗಳು ಇಂಧನದ ಸರ್‌ಚಾರ್ಜನ್ನೂ ಸೇರಿಸುತ್ತವೆ. ಆಗ ಯೂರೋಪಿನ "ಫ್ರೀ" ಟಿಕೆಟ್‌ಗೂ ಹತ್ತಾರು ಸಾವಿರ ಬೀಳಬಹುದು. ಪಾಯಿಂಟ್ ಟಿಕೆಟ್‌ನಲ್ಲಿ ಹಾರಿದರೆ ಹೊಸ ಮೈಲ್ಸೂ ಬರುವುದಿಲ್ಲ.

ಹಂತ 8: ಸೀಟು ಹುಡುಕುವುದು

ಪಾಯಿಂಟಿಗೆ ಅಂತ ಎತ್ತಿಟ್ಟ ಸೀಟುಗಳು ವಿಮಾನದಲ್ಲಿ ಕೆಲವೇ. ಇವನ್ನು ಅವಾರ್ಡ್ ಸೀಟು ಅನ್ನುತ್ತಾರೆ. ವಿಮಾನ ಖಾಲಿ ಇದ್ದರೂ ಅವಾರ್ಡ್ ಸೀಟು ಮುಗಿದಿರಬಹುದು.

ಖಾತೆಗೆ ಲಾಗಿನ್ ಆಗಿ, ಬುಕಿಂಗ್ ಪುಟದಲ್ಲಿ ದುಡ್ಡಿನ ಬದಲು ಪಾಯಿಂಟ್ ಅನ್ನುವುದನ್ನು ಆರಿಸಿ. ತಾರೀಖು ಒಂದೇ ಹಿಡಿದು ಕೂರಬೇಡಿ. ಹಿಂದೆ ಮುಂದೆ ಒಂದು ವಾರ ನೋಡಿ. ಹೋಗುವುದು, ಬರುವುದು ಬೇರೆ ಬೇರೆಯಾಗಿ ಹುಡುಕಿ. ನಾಲ್ಕು ಜನರಿಗೆ ಒಟ್ಟಿಗೆ ಸಿಗದಿದ್ದರೆ ಇಬ್ಬರಿಗೆ ನೋಡಿ, ಉಳಿದ ಇಬ್ಬರಿಗೆ ದುಡ್ಡು ಕೊಟ್ಟು ತೆಗೆಯಿರಿ. ದಸರಾ ರಜೆ, ದೀಪಾವಳಿ, ಏಪ್ರಿಲ್-ಮೇ ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಮುಂಚೆಯೇ ಹುಡುಕಬೇಕು. ಗಲ್ಫ್ ಮಾರ್ಗದಲ್ಲಿ ರಂಜಾನ್, ಬಕ್ರೀದ್ ಮತ್ತು ಅಲ್ಲಿನ ಶಾಲೆಗಳ ಬೇಸಿಗೆ ರಜೆಯಲ್ಲೂ ಹೀಗೆಯೇ. ತೀರಾ ಕೊನೆಯ ವಾರದಲ್ಲಿ ಕೆಲವೊಮ್ಮೆ ಸೀಟು ಬಿಡುತ್ತಾರೆ, ಅದನ್ನು ನಂಬಿ ಮದುವೆಗೆ ಹೊರಡಬೇಡಿ.

ಒಂದೇ ಮಾರ್ಗಕ್ಕೆ ಎರಡು ದರ ಕಂಡರೆ ಗಾಬರಿ ಬೇಡ. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಸೇವರ್ ಅಂದರೆ ಕಡಿಮೆ ಮೈಲ್ಸ್, ಸೀಟು ಕಡಿಮೆ. ಅಡ್ವಾಂಟೇಜ್ ಅಂದರೆ ಜಾಸ್ತಿ ಮೈಲ್ಸ್, ಸಿಗುವುದು ಸುಲಭ.

ಬುಕ್ ಮಾಡುವ ಮುಂಚೆ ರದ್ದು ಮಾಡಿದರೆ ಏನು ಅನ್ನುವುದನ್ನು ಓದಿ. ಶುಲ್ಕ ಹಿಡಿದು ಪಾಯಿಂಟ್ ವಾಪಸ್ ಕೊಡುತ್ತಾರೆ. ಆದರೆ ಅಷ್ಟರಲ್ಲಿ ಆ ಪಾಯಿಂಟಿನ ಅವಧಿ ಮುಗಿದಿದ್ದರೆ ಹಲವು ಕಡೆ ಹೋಯಿತು ಅಂತಲೇ.

ಕೂಡಿಟ್ಟು ಕೂರಬೇಡಿ

ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಟ್ ಏರಲಿ ಅಂತ ಗೂಡನ್ನು ಮನೆಯಲ್ಲಿಟ್ಟು ಕೂತರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆ ಗೂಡಿನಿಂದ ಆಮೇಲೆ ನೂಲು ಬಿಚ್ಚಲು ಬರುವುದಿಲ್ಲ. ಮೈಲ್ಸೂ ಅದೇ ಜಾತಿ.

ಅವಧಿಯಲ್ಲಿ ಎರಡು ಬಗೆ. ಒಂದು, ಬಂದ ದಿನದಿಂದ ಇಷ್ಟೇ ಅಂತ. ಕ್ರಿಸ್‌ಫ್ಲೈಯರ್‌ನಲ್ಲಿ 36 ತಿಂಗಳು. ಸ್ಕೈವಾರ್ಡ್ಸ್‌ನಲ್ಲಿ ಮೂರನೇ ವರ್ಷ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಮುಗಿಯುತ್ತದೆ. ಇನ್ನೊಂದು, ಖಾತೆಯಲ್ಲಿ ಏನಾದರೂ ನಡೆಯುತ್ತಿದ್ದರೆ ಉಳಿಯುತ್ತದೆ. ಏವಿಯೋಸ್ 36 ತಿಂಗಳು ಮುಟ್ಟದೆ ಬಿಟ್ಟರೆ ಹೋಗುತ್ತದೆ, ನಡುವೆ ಒಂದಿಷ್ಟು ಸೇರಿಸಿದರೂ ಖರ್ಚು ಮಾಡಿದರೂ ಗಡಿಯಾರ ಮತ್ತೆ ಮೊದಲಿನಿಂದ ಶುರು.

ಅವಧಿ ಮುಗಿಯದಿದ್ದರೂ ಬೆಲೆ ಇಳಿಯುತ್ತದೆ. ಕಳೆದ ವರ್ಷ 9,000ಕ್ಕೆ ಸಿಕ್ಕ ಟಿಕೆಟ್‌ಗೆ ಈ ವರ್ಷ 11,000 ಕೇಳಬಹುದು, ಅದನ್ನು ಬದಲಿಸುವ ಹಕ್ಕು ಪೂರ್ತಿ ಕಂಪನಿಯದು. ಕಂಪನಿಯೇ ಮುಳುಗುವುದೂ ಉಂಟು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಮೈಲ್ಸೂ ನೀರಿನ ಮೇಲಿನ ಬರಹ ಆಯಿತು. ಜೆಟ್ ಏರ್‌ವೇಸ್ 2019ರಲ್ಲಿ ನಿಂತಾಗ ಪಾಯಿಂಟ್ ಖಾತೆ ಬೇರೆ ಕಂಪನಿಯ ಕೈಯಲ್ಲಿದ್ದದ್ದರಿಂದ ಅವರ ಮೈಲ್ಸ್ ಇಂಟರ್‌ಮೈಲ್ಸ್ ಅನ್ನುವ ಹೆಸರಲ್ಲಿ ಬದುಕಿಕೊಂಡಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಒಂದು ಟಿಕೆಟ್‌ಗೆ ಆಗುವಷ್ಟು ಕೂಡಿದ ಕೂಡಲೇ ಬಳಸಿ. ಸ್ವಲ್ಪ ಕಡಿಮೆ ಬಿದ್ದರೆ ಪಾಯಿಂಟ್ ಕೊಳ್ಳಿ ಅಂತ ಕಂಪನಿಯೇ ಆಸೆ ತೋರಿಸುತ್ತದೆ. ಹಂತ 7ರ ಲೆಕ್ಕ ಹಾಕಿ ನೋಡಿ, ಬಹಳ ಸಲ ನಷ್ಟ.

ಮೋಸದ ಕರೆಗಳು

"ನಿಮ್ಮ ಮೈಲ್ಸ್ ಇವತ್ತು ರಾತ್ರಿ ಮುಗಿಯುತ್ತೆ, ಈ ಲಿಂಕ್ ಒತ್ತಿ" ಅನ್ನುವ ಮೆಸೇಜು ಬಂದರೆ ಒತ್ತಬೇಡಿ. ಏರ್‌ಲೈನ್‌ನ ಆಪ್ ತೆರೆದು ನೀವೇ ನೋಡಿ. ಓಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮೈಲ್ಸ್ ಮಾರುವುದು, ಬೇರೆಯವರಿಂದ ಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆಯನ್ನೇ ಮುಚ್ಚುತ್ತಾರೆ.

ಬೋರ್ಡಿಂಗ್ ಪಾಸಿನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ, ಮೊದಲ ಸಲ ಹಾರುವಾಗ ನಾನೂ ಹಾಕಿದ್ದೆ. ಅದರಲ್ಲಿ ನಿಮ್ಮ ಹೆಸರು, ಪಿಎನ್‌ಆರ್, ಸದಸ್ಯತ್ವದ ನಂಬರು ಎಲ್ಲ ಇರುತ್ತದೆ. ಬಾರ್‌ಕೋಡ್ ಮುಚ್ಚಿದರೂ ಸಾಲದು. ಪಿಎನ್‌ಆರ್ ಮತ್ತು ಹೆಸರು ಸಿಕ್ಕರೆ ಯಾರು ಬೇಕಾದರೂ ನಿಮ್ಮ ಬುಕಿಂಗ್ ತೆರೆಯಬಹುದು. ರೆಕ್ಕೆಯ ಫೋಟೊ ಹಾಕಿ, ಇಲ್ಲ ಕಿಟಕಿಯಿಂದ ಕಾಣುವ ನಂದಿ ಬೆಟ್ಟದ್ದು.

ಇನ್ನು ಮೊದಲು ಕೇಳಿದ ಪ್ರಶ್ನೆಗೆ. ಮಗಳ ಮನೆಯಿಂದ ಬಂದು ಆರು ತಿಂಗಳಾಗಿಲ್ಲದಿದ್ದರೆ ಪಾಸ್‌ಪೋರ್ಟ್ ಇಡುವ ಚೀಲ ತೆಗೆದು ನೋಡಿ. ಬೋರ್ಡಿಂಗ್ ಪಾಸಿನ ಹರಿದ ಚೂರು ಅಲ್ಲೇ ಮಡಿಸಿಟ್ಟಿರುತ್ತೀರಿ. ಇ-ಟಿಕೆಟ್ ಮಗಳ ಇಮೇಲ್‌ನಲ್ಲಿರುತ್ತದೆ, ಇವತ್ತೇ ಫೋನ್ ಮಾಡಿ ಕಳಿಸಲು ಹೇಳಿ. ಅಲ್ಲಿ ಈಗ ರಾತ್ರಿಯಾಗಿದ್ದರೆ ಬೆಳಗ್ಗೆ ಮಾಡಿ.